ರೂಟರ್ ಹಿಡಿಯೋಕೆ ಧೈರ್ಯ ಸಾಲದು, ದಿಕ್ಕು ಗೊತ್ತಿರಬೇಕು

ಆನ್‌ಲೈನ್ ಅಂಗಡಿಯಲ್ಲಿ ‘ರೂಟರ್’ ಅಂತ ಹುಡುಕಿದರೆ ಮೊದಲು ಬರೋದು ವೈಫೈ ಪೆಟ್ಟಿಗೆ. ಇನ್ನೂ ಸ್ವಲ್ಪ ಕೆಳಗೆ ಹೋದರೆ ಅದೇ ಹೆಸರಿನ ಇನ್ನೊಂದು ವಸ್ತು ಸಿಗುತ್ತೆ. ಅಂಗೈಯಲ್ಲಿ ಹಿಡಿಯಬಹುದಾದ ಮೋಟರ್, ಅದರ ಬುಡಕ್ಕೊಂದು ಚಪ್ಪಟೆ ತಟ್ಟೆ, ತಟ್ಟೆಯ ನಡುವಿನಿಂದ ಹೊರಗಿಣುಕುವ ಹರಿತವಾದ ಬಿಟ್. ಹಲಗೆಯ ಅಂಚನ್ನು ದುಂಡಗೆ ಮಾಡೋಕೆ, ಗ್ರೂವ್ ತೋಡೋಕೆ, ಪ್ಲೈವುಡ್ ಮೇಲೆ ಅಂಟಿಸಿದ ಲ್ಯಾಮಿನೇಟ್ ಸವರೋಕೆ, ಮರದಲ್ಲಿ ಅಕ್ಷರ ಕೊರೆಯೋಕೆ ಇದೇ ಸಾಧನ. ನಮ್ಮ ಬಡಗಿಗಳು ಇದನ್ನು ‘ರೌಟರ್’ ಅಂತಾರೆ. ಇದರ ಚಿಕ್ಕ ತಮ್ಮನಿಗೆ ‘ಟ್ರಿಮ್ಮರ್’ ಅಂತ ಹೆಸರು.

ಎರಡು–ಮೂರು ಸಾವಿರ ರೂಪಾಯಿಗೆ ಒಂದು ಟ್ರಿಮ್ಮರ್ ಮನೆ ಬಾಗಿಲಿಗೇ ಬರುತ್ತೆ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕಣ್ಣು ಕೆಂಪಾದವರಿಗೆ ಭಾನುವಾರ ಬಾಲ್ಕನಿಯಲ್ಲಿ ಒಂದು ಪುಸ್ತಕದ ಕಪಾಟು ಮಾಡುವ ಆಸೆ ಹುಟ್ಟೋದು ಒಳ್ಳೆಯದೇ. ನನಗೂ ಆ ಹುಚ್ಚಿದೆ. ಆದರೆ ರೀಲ್ಸ್‌ನಲ್ಲಿ ಈ ಕೆಲಸ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕಾಣುತ್ತೆ. ಇಪ್ಪತ್ತು ಸೆಕೆಂಡಿನ ಕೆತ್ತನೆಯ ಹಿಂದೆ ಇಪ್ಪತ್ತು ನಿಮಿಷದ ಸಿದ್ಧತೆ ಇರುತ್ತೆ ಅನ್ನೋದನ್ನು ಯಾರೂ ತೋರಿಸಲ್ಲ. ಸಿದ್ಧತೆಗೆ ಲೈಕ್ಸ್ ಬರಲ್ಲ ನೋಡಿ.

‘ಹುಷಾರಾಗಿ ಮಾಡಿ’ ಅನ್ನೋದು ಸಲಹೆಯೇ ಅಲ್ಲ. ಯಾವುದರ ಬಗ್ಗೆ ಹುಷಾರು ಅಂತ ಹೇಳದಿದ್ದರೆ ಅದು ಬರೀ ಶುಭಾಶಯ. ರೂಟರ್ ಕೈ ತಪ್ಪುವುದು ಹಣೆಬರಹದಿಂದಲ್ಲ, ಹೆಚ್ಚಿನ ಸಲ ಎಣಿಸಬಹುದಾದ ಕೆಲವೇ ಕಾರಣಗಳಿಂದ: ತಳ್ಳಿದ ದಿಕ್ಕು, ಬಿಟ್‌ನ ಹಿಡಿತ, ಕೆತ್ತುವ ಆಳ, ಸಡಿಲವಾದ ಹಲಗೆ, ಗೊತ್ತಿಲ್ಲದೆ ಆನ್ ಆಗಿರುವ ಸ್ವಿಚ್. ಇವನ್ನು ಅರ್ಥ ಮಾಡಿಕೊಂಡರೆ ಧೈರ್ಯದ ಅಗತ್ಯ ಅಷ್ಟಾಗಿ ಬರಲ್ಲ.

ಸೆಕೆಂಡಿಗೆ ಸಾವಿರ ಏಟು

ಮೊದಲು ಸ್ವಲ್ಪ ಲೆಕ್ಕ. ಟ್ರಿಮ್ಮರ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 30,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತವೆ. ಅಂದರೆ ಸೆಕೆಂಡಿಗೆ 500 ಸುತ್ತು. ಬಿಟ್‌ಗೆ ಎರಡು ಅಲಗು ಇದ್ದರೆ ಸೆಕೆಂಡಿಗೆ 1,000 ಏಟು. ಏನೋ ಎಡವಟ್ಟಾಯಿತು ಅಂತ ಕಣ್ಣು ನೋಡಿ, ಮೆದುಳು ಹೇಳಿ, ಕೈ ಹಿಂದೆ ಸರಿಯೋಕೆ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ 200 ಏಟು ಬಿದ್ದಿರುತ್ತೆ. ‘ಕೈ ಹಿಂದಕ್ಕೆ ಎಳ್ಕೊಂಡ್ರಾಯ್ತು’ ಅನ್ನುವ ನಂಬಿಕೆ ಇಲ್ಲಿಗೆ ಮುಗೀತು.

ಅಡುಗೆಮನೆಯ ಮಿಕ್ಸಿಯಲ್ಲಿರೋದೂ ಇದೇ ಜಾತಿಯ ಮೋಟರ್. ಆದರೆ ಅಲ್ಲಿ ಬ್ಲೇಡು ಜಾರ್ ಒಳಗಿರುತ್ತೆ, ಮೇಲೆ ಮುಚ್ಚಳ ಇರುತ್ತೆ. ರೂಟರ್ ಅಂದರೆ ಮುಚ್ಚಳ ತೆಗೆದ ಮಿಕ್ಸಿಯನ್ನು ಬೋರಲು ಹಾಕಿ ಹಲಗೆ ಮೇಲೆ ತಳ್ಳಿದ ಹಾಗೆ.

ಬಿಟ್ ದಪ್ಪವಾದಷ್ಟೂ ಅದರ ಅಂಚಿನ ವೇಗ ಏರುತ್ತೆ. 30,000 ಸುತ್ತಿನಲ್ಲಿ 6 ಮಿ.ಮೀ. ಬಿಟ್‌ನ ಅಂಚು ಗಂಟೆಗೆ ಸುಮಾರು 34 ಕಿ.ಮೀ. ವೇಗದಲ್ಲಿ ಓಡುತ್ತೆ. 25 ಮಿ.ಮೀ. ಬಿಟ್ ಹಾಕಿದರೆ ಅದು 141 ಕಿ.ಮೀ. 50 ಮಿ.ಮೀ. ಹಾಕಿದರೆ 283 ಕಿ.ಮೀ. ಉಕ್ಕಿನ ಕಡ್ಡಿಗೆ ಬೆಸೆದ ಕಾರ್ಬೈಡ್ ಚೂರು ಆ ವೇಗದಲ್ಲಿ ಕಿತ್ತು ಬಂದರೆ ಏನಾಗಬಹುದು ಅಂತ ಊಹಿಸಿಕೊಳ್ಳಿ. ಅದಕ್ಕೇ 25 ಮಿ.ಮೀ. ದಾಟಿದ ಬಿಟ್‌ಗೆ ವೇಗವನ್ನು 18,000ದ ಹತ್ತಿರಕ್ಕೆ, 50 ದಾಟಿದರೆ 16,000ಕ್ಕೋ ಇನ್ನೂ ಕಡಿಮೆಗೋ ಇಳಿಸುವುದು ರೂಢಿ. ಬಿಟ್‌ನ ಕಡ್ಡಿ ಮೇಲೆ ಅಥವಾ ಅದರ ಪೊಟ್ಟಣದ ಮೇಲೆ ಗರಿಷ್ಠ ವೇಗ ಬರೆದಿದ್ದರೆ ಅದೇ ಕೊನೆಯ ಮಾತು. ನಿಮ್ಮ ಟ್ರಿಮ್ಮರ್‌ನಲ್ಲಿ ವೇಗ ಬದಲಿಸುವ ಡಯಲ್ ಇಲ್ಲ ಅಂದರೆ ಅದು ಸಣ್ಣ ಬಿಟ್‌ಗಳಿಗೆ ಮಾತ್ರ. ದೊಡ್ಡ ಬಿಟ್‌ಗಳು ರೂಟರನ್ನು ತಲೆಕೆಳಗಾಗಿ ಕೂರಿಸಿದ ಟೇಬಲ್‌ಗೆ ಸೇರಿದವು, ಕೈಗಲ್ಲ.

ಹೊರಗೆ ಅಪ್ರದಕ್ಷಿಣೆ, ಒಳಗೆ ಪ್ರದಕ್ಷಿಣೆ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳ್ತೀನಿ.

ಮೆಕ್ಯಾನಿಕಲ್ ಓದಿದವರಿಗೆ ಮಷಿನ್ ಶಾಪ್‌ನ ಅಪ್ ಮಿಲ್ಲಿಂಗ್, ಡೌನ್ ಮಿಲ್ಲಿಂಗ್ ನೆನಪಿರಬಹುದು. ಹತ್ತು ಮಾರ್ಕಿಗೆ ಚಿತ್ರ ಬರೆದು, ಪರೀಕ್ಷೆ ಮುಗಿದ ಮೇಲೆ ಮರೆತಿದ್ದು. ಅಲ್ಲಿ ಲೋಹ ದಪ್ಪ ಟೇಬಲ್‌ಗೆ ಬಿಗಿದಿರುತ್ತೆ, ಯಂತ್ರದ ತೂಕ ಟನ್ ಲೆಕ್ಕದಲ್ಲಿ ಇರುತ್ತೆ. ಇಲ್ಲಿ ಆ ಟೇಬಲ್ಲೂ ನೀವೇ, ಯಂತ್ರದ ತೂಕವೂ ನೀವೇ.

ರೂಟರನ್ನು ನೆಟ್ಟಗೆ ಹಿಡಿದು ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತೆ. ಈಗ ಬಿಟ್ಟನ್ನು ಬೈಕಿನ ಹಿಂದಿನ ಟೈರ್ ಅಂದುಕೊಳ್ಳಿ, ಮರದ ಅಂಚನ್ನು ರಸ್ತೆ ಅಂದುಕೊಳ್ಳಿ. ಟೈರ್ ರಸ್ತೆಯನ್ನು ಹಿಂದಕ್ಕೆ ತಳ್ಳುತ್ತೆ, ಬೈಕ್ ಮುಂದೆ ಓಡುತ್ತೆ. ಬಿಟ್ ಕೂಡ ಮರದ ಅಂಚಿನ ಮೇಲೆ ಹಾಗೇ ಓಡೋಕೆ ನೋಡುತ್ತೆ. ಅದು ಓಡಬೇಕು ಅಂದುಕೊಂಡ ದಿಕ್ಕಿಗೇ ನೀವೂ ತಳ್ಳಿದರೆ ಕೇಳಬೇಕೇ? ಗೇರ್‌ನಲ್ಲಿರುವ ಬೈಕಿನ ಕ್ಲಚ್ ಪಟ್ಟನೆ ಬಿಟ್ಟ ಹಾಗೆ ಜಿಗಿದುಬಿಡುತ್ತೆ. ಇಡೀ ರೂಟರ್ ಅಂಚಿನುದ್ದಕ್ಕೂ ಓಡುತ್ತೆ, ಹಿಂದೆ ನಿಮ್ಮ ಕೈಯೂ ಓಡುತ್ತೆ. ಅದರ ಎದುರು ದಿಕ್ಕಿಗೆ ತಳ್ಳಿದರೆ ಬಿಟ್ ನಿಮಗೆ ತಡೆ ಒಡ್ಡುತ್ತೆ. ಆ ತಡೆಯೇ ನಿಮ್ಮ ಹಿಡಿತ. ಏರಿನಲ್ಲಿ ಗಾಡಿ ಎತ್ತಿನ ಮಾತು ಕೇಳುತ್ತೆ, ಇಳಿಜಾರಿನಲ್ಲಿ ಎತ್ತೇ ಗಾಡಿಯ ಮಾತು ಕೇಳಬೇಕಾಗುತ್ತೆ ಅಲ್ವಾ, ಹಾಗೆ.

ಸರಿಯಾದ ದಿಕ್ಕನ್ನು ನೆನಪಿಡೋದು ಹೇಗೆ? ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದಗಳೇ ಇವೆ. ದೇವಸ್ಥಾನವನ್ನು ಹೊರಗಿನಿಂದ ಸುತ್ತುವಾಗ ಪ್ರದಕ್ಷಿಣೆ ಹಾಕ್ತೀವಿ, ಗುಡಿ ನಮ್ಮ ಬಲಕ್ಕಿರುತ್ತೆ. ರೂಟರ್‌ನಲ್ಲಿ ಅದಕ್ಕೆ ಉಲ್ಟಾ. ಹಲಗೆಯ ಹೊರ ಅಂಚನ್ನು ಸುತ್ತುವಾಗ ಅಪ್ರದಕ್ಷಿಣೆ. ಹಲಗೆಯ ಒಳಗೆ ಕಿಂಡಿ ಕೊರೆದು ಅದರ ಅಂಚನ್ನು ಸುತ್ತುವಾಗ ಪ್ರದಕ್ಷಿಣೆ. ಎರಡಕ್ಕೂ ಸೇರಿ ಒಂದೇ ಸೂತ್ರ: ರೂಟರ್ ಮುಂದೆ ಸಾಗುವಾಗ ಮರ ಅದರ ಎಡಗಡೆಗೆ ಇರಬೇಕು. ನಿಮಗೆ ಹತ್ತಿರದ ಅಂಚಿನಲ್ಲಿ ಕೆಲಸ ಮಾಡುತ್ತಿದ್ದರೆ ಎಡದಿಂದ ಬಲಕ್ಕೆ ಸಾಗಬೇಕು ಅಂತರ್ಥ.

ಗೊಂದಲ ಆದರೆ ಬಲಗೈ ಅಂಗೈಯನ್ನು ಕೆಳಮುಖ ಮಾಡಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಮೂಲೆಮಟ್ಟದ ಹಾಗೆ ಬಿಡಿಸಿ. ಹೆಬ್ಬೆರಳು ಮರವನ್ನು ತೋರಿಸಲಿ. ತೋರುಬೆರಳು ತೋರಿಸುವ ಕಡೆಗೆ ತಳ್ಳಿ. ಪ್ರತಿ ಸಲ ಸ್ವಿಚ್ ಹಾಕುವ ಮೊದಲು ಇದನ್ನು ಮಾಡಿ ನೋಡಿ. ಹಲಗೆ ಮೇಲೆ ಪೆನ್ಸಿಲ್‌ನಿಂದ ಒಂದು ಬಾಣವನ್ನೂ ಬರೆದುಕೊಳ್ಳಿ. ಸದ್ದು ಶುರುವಾದ ಮೇಲೆ ಯೋಚನೆ ಮಾಡೋದು ಕಷ್ಟ, ಬಾಣ ನೋಡೋದು ಸುಲಭ.

ಹಲಗೆಯ ನಡುವೆ ನೇರ ಗ್ರೂವ್ ತೋಡುವಾಗ ಎರಡೂ ಕಡೆ ಮರ ಇರುತ್ತಲ್ಲ, ಆಗೇನು? ಆಗ ಬಿಟ್ ಸಾಗುವ ದಿಕ್ಕಿನ ಎಡಕ್ಕೆ ಎಳೆಯುತ್ತೆ. ಅದಕ್ಕೇ ನೇರ ಪಟ್ಟಿಯನ್ನು ರೂಟರ್‌ನ ಎಡಗಡೆಗೆ ಕ್ಲ್ಯಾಂಪ್ ಮಾಡಿ. ಎಳೆತವೇ ರೂಟರನ್ನು ಪಟ್ಟಿಗೆ ಒತ್ತಿ ಹಿಡಿಯುತ್ತೆ. ಬಲಗಡೆ ಇಟ್ಟರೆ ಅದೇ ಎಳೆತ ಗ್ರೂವನ್ನು ಸೊಟ್ಟ ಮಾಡುತ್ತೆ.

ಮರದ ಅಂಚು ಸಿಬಿರೇಳದೆ ನುಣುಪಾಗಿ ಬರಲಿ ಅಂತ ನುರಿತ ಬಡಗಿಗಳು ಕೆಲವೊಮ್ಮೆ ಬೇಕಂತಲೇ ಉಲ್ಟಾ ದಿಕ್ಕಿಗೆ, ತೀರಾ ತೆಳುವಾಗಿ ಸವರುವುದುಂಟು. ಹವ್ಯಾಸಕ್ಕೆ ಕಲಿಯುವವರು ಅದನ್ನು ಬಿಟ್ಟುಬಿಡಿ. ಸಿಬಿರು ತಪ್ಪಿಸೋಕೆ ಬೇರೆ ದಾರಿ ಇದೆ. ನಾರು ಕಡಿದಿರುವ ಅಡ್ಡ ತುದಿಗಳನ್ನು ಮೊದಲು ಕೆತ್ತಿ, ಉದ್ದದ ಅಂಚುಗಳನ್ನು ಆಮೇಲೆ. ಅಡ್ಡ ತುದಿಯ ಕೊನೆಯಲ್ಲಿ ಎದ್ದ ಸಿಬಿರನ್ನು ಉದ್ದದ ಕೆತ್ತನೆ ತೆಗೆದುಹಾಕುತ್ತೆ.

0.35 ಮಿಲಿಮೀಟರಿನ ತಕರಾರು

ಬಿಟ್ಟನ್ನು ಹಿಡಿದುಕೊಳ್ಳುವ ಭಾಗಕ್ಕೆ ಕಾಲೆಟ್ ಅಂತಾರೆ. ಸೀಳುಗಳಿರುವ ಒಂದು ಪುಟ್ಟ ಲೋಹದ ಕೊಳವೆ. ನಟ್ ಬಿಗಿದಾಗ ಅದು ಸುತ್ತಲೂ ಸಮನಾಗಿ ಕುಗ್ಗಿ ಬಿಟ್‌ನ ಕಡ್ಡಿಯನ್ನು ಅಪ್ಪಿಕೊಳ್ಳುತ್ತೆ.

ನಮ್ಮ ದೇಶದ ತೊಂದರೆ ಶುರುವಾಗೋದೇ ಇಲ್ಲಿ. ನಮ್ಮ ಮಾರುಕಟ್ಟೆಯಲ್ಲಿ ಇಂಚೂ ಇದೆ, ಮಿಲಿಮೀಟರೂ ಇದೆ. ಕಾಲು ಇಂಚಿನ ಬಿಟ್ ಅಂದರೆ 6.35 ಮಿ.ಮೀ. ಪಕ್ಕದಲ್ಲೇ 6 ಮಿ.ಮೀ. ಬಿಟ್‌ಗಳೂ ಮಾರಾಟಕ್ಕಿವೆ. ಕಣ್ಣಿಗೆ ಎರಡೂ ಒಂದೇ. ಅನೇಕ ಟ್ರಿಮ್ಮರ್‌ಗಳ ಜೊತೆ ಎರಡೂ ಅಳತೆಯ ಕಾಲೆಟ್ ಕೊಡ್ತಾರೆ, ಅವೂ ನೋಡೋಕೆ ಅವಳಿ ಮಕ್ಕಳು. 6.35ರ ಬಿಟ್ 6ರ ಕಾಲೆಟ್‌ಗೆ ಹೋಗೋದೇ ಇಲ್ಲ, ಹಾಗಾಗಿ ಆ ತಪ್ಪು ಆಗಲ್ಲ. ಆದರೆ 6ರ ಬಿಟ್ 6.35ರ ಕಾಲೆಟ್‌ಗೆ ಆರಾಮಾಗಿ ಹೋಗುತ್ತೆ, ನಟ್ ಬಿಗಿದರೆ ಬಿಗಿಯಾದ ಹಾಗೂ ಅನ್ನಿಸುತ್ತೆ. ನಿಜವಾಗಿ ಅದನ್ನು ಸುತ್ತಲೂ ಅಪ್ಪಿಕೊಂಡಿರಲ್ಲ, ನಾಲ್ಕು ಗೆರೆಗಳಲ್ಲಿ ಚಿವುಟಿ ಹಿಡಿದಿರುತ್ತೆ. ಕೆತ್ತುತ್ತಾ ಹೋದಂತೆ ಅದುರಿ ಅದುರಿ ಬಿಟ್ ಮೆಲ್ಲಗೆ ಕೆಳಗೆ ಜಾರುತ್ತೆ. 3 ಮಿ.ಮೀ. ಆಳದಲ್ಲಿ ಶುರುವಾದ ಗ್ರೂವ್ ಕೊನೆಗೆ ಬರುವಷ್ಟರಲ್ಲಿ 5 ಮಿ.ಮೀ. ಆಗಿದ್ದರೆ ಕಾರಣ ಇದೇ ಇರಬಹುದು. ಅಲ್ಲಿಗೇ ನಿಲ್ಲಿಸಬೇಕು. ಮುಂದಿನ ಹಂತ ಬಿಟ್ ಪೂರ್ತಿ ಹೊರಗೆ ಹಾರೋದು.

ದೊಡ್ಡ ರೂಟರ್‌ಗಳಲ್ಲೂ ಇದೇ ಕಥೆ: ಅರ್ಧ ಇಂಚು ಅಂದರೆ 12.7, ಪಕ್ಕದಲ್ಲಿ 12 ಮಿ.ಮೀ. ಪರಿಹಾರ ಸುಲಭ. ಒಂದು ಡಿಜಿಟಲ್ ಕ್ಯಾಲಿಪರ್ ಕೊಂಡು ಪ್ರತಿ ಬಿಟ್‌ನ ಕಡ್ಡಿಯನ್ನೂ ಅಳೆಯಿರಿ, ಎರಡು ಅಳತೆಯ ಬಿಟ್‌ಗಳನ್ನು ಎರಡು ಡಬ್ಬಿಯಲ್ಲಿಡಿ, ಕಾಲೆಟ್‌ಗಳಿಗೆ ಬಣ್ಣದ ಗುರುತು ಹಚ್ಚಿ. ಸಡಿಲ ಇದೆ ಅಂತ ಕಡ್ಡಿಗೆ ಟೇಪ್ ಸುತ್ತಿ ಹಾಕುವ ಜುಗಾಡ್ ಮಾತ್ರ ಬೇಡವೇ ಬೇಡ.

ಬಿಟ್ ಹಾಕುವ ಕ್ರಮ ಹೀಗೆ. ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ಕಡ್ಡಿಯನ್ನು ತಳದವರೆಗೆ ತೂರಿಸಿ, ಮತ್ತೆ 2–3 ಮಿ.ಮೀ. ಹಿಂದಕ್ಕೆ ಎಳೆಯಿರಿ. ತಳಕ್ಕೆ ತಾಗಿಕೊಂಡಿದ್ದರೆ ನಟ್ ಬಿಗಿಯುವಾಗ ಕಾಲೆಟ್ ಸರಿಯಾಗಿ ಕೂರಲ್ಲ. ಹಾಗಂತ ಜಾಸ್ತಿ ಹೊರಗೆಳೆದು ಉದ್ದ ಮಾಡಿಕೊಳ್ಳೋದೂ ತಪ್ಪು. ಕಡ್ಡಿಯ ಮುಕ್ಕಾಲು ಪಾಲಾದರೂ ಒಳಗಿರಬೇಕು. ಬಿಟ್ ಇಲ್ಲದೆ ಖಾಲಿ ಕಾಲೆಟ್‌ನ ನಟ್ ಬಿಗಿಯಬೇಡಿ, ಅದರ ಆಕಾರವೇ ಕೆಡುತ್ತೆ. ಮರದ ಅಂಟು, ಧೂಳು ಕಾಲೆಟ್ ಒಳಗೆ ಕೂತರೂ ಹಿಡಿತ ಹೋಗುತ್ತೆ. ಆಯುಧಪೂಜೆಗೆ ವರ್ಷಕ್ಕೊಮ್ಮೆ ಯಂತ್ರ ಒರೆಸಿ ಕುಂಕುಮ ಇಡೋದು ಸರಿ. ಕಾಲೆಟ್‌ಗೆ ಮಾತ್ರ ಬಿಟ್ ಬದಲಿಸಿದಾಗೆಲ್ಲ ಒಂದು ಸಲ ಬ್ರಷ್ ಆಡಿಸಿ.

ಒಂದೇ ತುತ್ತಿಗೆ ನುಂಗಬೇಡಿ

12 ಮಿ.ಮೀ. ಆಳದ ಗ್ರೂವ್ ಬೇಕು ಅಂದರೆ ಟ್ರಿಮ್ಮರ್‌ನಲ್ಲಿ ಒಂದೇ ಸಲಕ್ಕೆ 12 ಇಳಿಸಬಾರದು. 3 ಮಿ.ಮೀ. ಲೆಕ್ಕದಲ್ಲಿ ನಾಲ್ಕು ಸಲ ಹೋಗಿ. ಸ್ಥೂಲವಾಗಿ ಹೇಳುವುದಾದರೆ ಒಂದು ಸಲದ ಆಳ ಬಿಟ್‌ನ ವ್ಯಾಸದ ಅರ್ಧ ದಾಟಬಾರದು. ಪೈನ್‌ನಂಥ ಮೆತ್ತನೆ ಮರ ಸ್ವಲ್ಪ ಸಹಿಸುತ್ತೆ, ಹೊನ್ನೆಯಂಥ ಗಟ್ಟಿ ಮರ ಸಹಿಸಲ್ಲ. ಆಳ ಜಾಸ್ತಿಯಾದಷ್ಟೂ ಬಿಟ್ ಮರವನ್ನು ಕಚ್ಚಿ ಹಿಡಿದು ರೂಟರನ್ನೇ ಒದೆಯುವ ಸಂಭವ ಜಾಸ್ತಿ.

ಕಿವಿಯೂ ಇಲ್ಲಿ ಒಂದು ಮೀಟರ್. ಮೋಟರ್‌ನ ಸದ್ದು ಕುಗ್ಗಿ ಗೊರಗುಟ್ಟಿದರೆ ನೀವು ಜಾಸ್ತಿ ತುರುಕುತ್ತಿದ್ದೀರಿ. ಸದ್ದು ತೆಳುವಾಗಿ ಕಿರುಚುತ್ತಾ ಸುಟ್ಟ ವಾಸನೆ ಬಂದರೆ ತೀರಾ ನಿಧಾನವಾಗಿದ್ದೀರಿ, ಇಲ್ಲವೇ ಬಿಟ್ ಮೊಂಡಾಗಿದೆ. ಮೊಂಡು ಬಿಟ್‌ಗೆ ಬಲ ಹಾಕಬೇಕಾಗುತ್ತೆ, ಬಲ ಹಾಕಿದಾಗಲೇ ಕೈ ಜಾರೋದು.

ಹಲಗೆ ಅಲುಗಬಾರದು. ಕಡಿಮೆ ಅಂದರೆ ಎರಡು ಕ್ಲ್ಯಾಂಪ್ ಬೇಕು. ಒಂದೇ ಹಾಕಿದರೆ ಹಲಗೆ ಅದರ ಸುತ್ತ ತಿರುಗುತ್ತೆ. ‘ಒಂದು ಕೈಯಲ್ಲಿ ಹಲಗೆ, ಒಂದು ಕೈಯಲ್ಲಿ ಟ್ರಿಮ್ಮರ್’ ಅನ್ನುವ ದೃಶ್ಯ ರೀಲ್ಸ್‌ನಲ್ಲಿ ಬೇಕಾದಷ್ಟಿದೆ. ಎರಡೂ ಕೈ ಯಂತ್ರದ ಮೇಲಿದ್ದರೆ ಎರಡೂ ಕೈ ಬಿಟ್‌ನಿಂದ ದೂರ ಇವೆ ಅಂತರ್ಥ. ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ಚಿಕ್ಕ ತುಂಡುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೀ ಚೈನ್‌ಗೋ ಮಕ್ಕಳ ಆಟಿಕೆಗೋ ಅಂತ ಅಂಗೈಯಗಲದ ತುಂಡಿಗೆ ರೂಟರ್ ತಾಗಿಸಬೇಡಿ. ತಟ್ಟೆ ಕೂರೋಕೆ ಜಾಗ ಇರಲ್ಲ, ವಾಲುತ್ತೆ. ದೊಡ್ಡ ಹಲಗೆಯ ಅಂಚಿನಲ್ಲೇ ಕೆತ್ತನೆ ಮುಗಿಸಿ, ಆಮೇಲೆ ಗರಗಸದಿಂದ ತುಂಡು ಕತ್ತರಿಸಿಕೊಳ್ಳಿ.

ಶುರು ಮಾಡುವಾಗ ಬಿಟ್ ಮರಕ್ಕೆ ತಾಗಿರಬಾರದು. ಗಾಳಿಯಲ್ಲೇ ಪೂರ್ತಿ ವೇಗಕ್ಕೆ ಬಂದ ಮೇಲೆ ಮೆಲ್ಲಗೆ ಮರಕ್ಕೆ ತನ್ನಿ. ಮುಗಿಸುವಾಗ ಸ್ವಿಚ್ ಆಫ್ ಮಾಡಿದ ಮೇಲೂ ಬಿಟ್ ಕೆಲವು ಸೆಕೆಂಡ್ ತಿರುಗುತ್ತಲೇ ಇರುತ್ತೆ. ಪೂರ್ತಿ ನಿಲ್ಲುವವರೆಗೆ ಕೆಳಗಿಡಬೇಡಿ. ಕೆಳಗಿಟ್ಟ ಟ್ರಿಮ್ಮರ್ ಮೇಜಿನ ಮೇಲೆ ತಾನಾಗಿ ಓಡೋದನ್ನು ಊಹಿಸಿಕೊಂಡರೆ ಕಾಯುವ ತಾಳ್ಮೆ ಬರುತ್ತೆ.

ಕರೆಂಟ್ ಹೋದಾಗ

ಹೊರದೇಶದ ವಿಡಿಯೋಗಳಲ್ಲಿ ಅಷ್ಟಾಗಿ ಕೇಳಿಬರದ, ನಮಗೆ ಮಾತ್ರ ಬಹಳ ಮುಖ್ಯವಾದ ಒಂದು ವಿಷಯ: ಪವರ್ ಕಟ್.

ಬಹುತೇಕ ಅಗ್ಗದ ಟ್ರಿಮ್ಮರ್‌ಗಳ ಸ್ವಿಚ್ ಒಮ್ಮೆ ಒತ್ತಿದರೆ ಆನ್ ಆಗಿಯೇ ಉಳಿಯುತ್ತೆ. ಕೆತ್ತುವಾಗ ಕರೆಂಟ್ ಹೋಯಿತು ಅನ್ನಿ. ಯಂತ್ರ ನಿಲ್ಲುತ್ತೆ. ನೀವು ಅದನ್ನು ಪಕ್ಕಕ್ಕಿಟ್ಟು ಕಾಫಿ ಕುಡಿಯೋಕೆ ಹೋಗ್ತೀರಿ, ಅಥವಾ ಇದೇ ಸಮಯ ಅಂತ ಬಿಟ್ ಬದಲಿಸೋಕೆ ಕೂರ್ತೀರಿ. ಅಪಾರ್ಟ್‌ಮೆಂಟ್ ಆದರೆ ಜನರೇಟರ್ ಕೆಲವೇ ಸೆಕೆಂಡಿನಲ್ಲಿ ಚಾಲೂ ಆಗುತ್ತೆ. ಸ್ವಿಚ್ ಆನ್ ಇದೆ, ಪ್ಲಗ್ ಚುಚ್ಚಿದೆ, ಕೈ ಬಿಟ್ ಮೇಲಿದೆ. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್, ಆಮೇಲೆ ಪ್ಲಗ್ ಹೊರಗೆ. ಇದು ಯೋಚನೆ ಮಾಡಿ ಮಾಡುವ ಕೆಲಸ ಆಗಬಾರದು, ಸಿಗ್ನಲ್ ಕೆಂಪಾದಾಗ ಕಾಲು ಬ್ರೇಕಿಗೆ ಹೋದ ಹಾಗೆ ತಾನಾಗಿ ಆಗಬೇಕು.

ಇನ್ನು ಸಾಕೆಟ್. 700 ವ್ಯಾಟ್‌ನ ಟ್ರಿಮ್ಮರ್ 230 ವೋಲ್ಟ್‌ನಲ್ಲಿ ಸುಮಾರು 3 ಆಂಪಿಯರ್ ಎಳೆಯುತ್ತೆ, ಮನೆಯ ಮಾಮೂಲಿ 6 ಆಂಪಿಯರ್ ಸಾಕೆಟ್‌ಗೆ ತೊಂದರೆ ಇಲ್ಲ. ಆದರೆ 1,850 ವ್ಯಾಟ್‌ನ ದೊಡ್ಡ ರೂಟರ್ 8 ಆಂಪಿಯರ್ ಎಳೆಯುತ್ತೆ. ಅದಕ್ಕೆ ಗೀಸರ್‌ಗೆ ಹಾಕುವಂಥ 16 ಆಂಪಿಯರ್ ಸಾಕೆಟ್ಟೇ ಬೇಕು. ಮೊಬೈಲ್ ಚಾರ್ಜ್ ಮಾಡುವ ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಇದಕ್ಕಲ್ಲ. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಯಿಸಿಕೊಂಡರೆ ಬಿಟ್‌ನ ದಾರಿಗೆ ಅಡ್ಡ ಬರಲ್ಲ.

ಮೈಮೇಲೆ ಏನಿರಬೇಕು, ಏನಿರಬಾರದು

ಕೈಗವಸು ಹಾಕಿಕೊಂಡರೆ ಸುರಕ್ಷಿತ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತಿರುಗುವ ಯಂತ್ರದ ಮುಂದೆ ಇದು ತಿರುಗುಬಾಣ. ಗವಸಿನ ಒಂದು ನೂಲು ಬಿಟ್‌ಗೆ ಸಿಕ್ಕರೂ ಅದು ಸುತ್ತಿಕೊಂಡು ಇಡೀ ಕೈಯನ್ನು ಒಳಗೆಳೆಯುತ್ತೆ. ಬರಿಗೈಯೇ ವಾಸಿ. ಇದೇ ಕಾರಣಕ್ಕೆ ಜೋತುಬೀಳುವ ದುಪಟ್ಟಾ, ತುಂಬುತೋಳಿನ ಸಡಿಲ ಜುಬ್ಬಾ, ಲುಂಗಿ, ಬಳೆ, ಬಿಚ್ಚಿಬಿಟ್ಟ ಉದ್ದ ಕೂದಲು ಯಾವುದೂ ಬೇಡ. ಮಣಿಕಟ್ಟಿಗೆ ಕಟ್ಟಿಸಿಕೊಂಡ ದೇವರ ದಾರವನ್ನು ಬಿಚ್ಚೋಕೆ ಮನಸ್ಸು ಬರಲ್ಲ ಅಂದರೆ ಮೇಲೆ ಬಿಗಿಯಾದ ರಿಸ್ಟ್ ಬ್ಯಾಂಡ್ ಹಾಕಿ. ಯಂತ್ರಕ್ಕೆ ದಾರ ಯಾವುದು, ಶ್ರೀರಕ್ಷೆ ಯಾವುದು ಅಂತ ಗೊತ್ತಾಗಲ್ಲ.

ಕಣ್ಣಿಗೆ ಪಕ್ಕದಿಂದಲೂ ಮುಚ್ಚುವ ಸೇಫ್ಟಿ ಕನ್ನಡಕ ಬೇಕು. ಪವರ್ ಗ್ಲಾಸ್ ಅದಕ್ಕೆ ಬದಲಿ ಅಲ್ಲ. ಕಿವಿಗೆ ಇಯರ್ ಮಫ್ ಅಥವಾ ಇಯರ್ ಪ್ಲಗ್ ಇರಲಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧ ಆಗುತ್ತೆ ಅನ್ನೋದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಲೆಕ್ಕ. ಆ ಪ್ರಕಾರ 94 ಡೆಸಿಬೆಲ್‌ಗೆ ಒಂದೇ ಗಂಟೆ. ರೂಟರ್ 85ನ್ನು ಸುಲಭವಾಗಿ ದಾಟುತ್ತೆ.

ಗಾಯ ಕಣ್ಣಿಗೆ ಕಾಣುತ್ತೆ, ಧೂಳಿನ ಹಾನಿ ಕಾಣಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್ ಹಲಗೆಯಲ್ಲಿ ನಾರಿನ ಜೊತೆ ಫಾರ್ಮಾಲ್ಡಿಹೈಡ್ ಆಧಾರಿತ ಅಂಟೂ ಇರುತ್ತೆ, ಅದರ ಧೂಳು ಹಿಟ್ಟಿನಷ್ಟು ನಯ. ಹಾಗಾಗಿ ಕರ್ಚೀಫ್ ಕಟ್ಟಿದರೆ ಸಾಲದು, ಎನ್95 ಬೇಕು. ಕೆಲಸ ಮುಗಿದ ಮೇಲೆ ಪೊರಕೆಯಲ್ಲಿ ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತೆ. ವ್ಯಾಕ್ಯೂಮ್ ಮಾಡಿ, ಇಲ್ಲವೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳು ಮಲಗುವ ಕೋಣೆ ಇದಕ್ಕೆ ಜಾಗ ಅಲ್ಲ.

‘ಕಾರ್ಪೆಂಟರ್‌ಗಳು ಹೀಗೇ ಮಾಡ್ತಾರಲ್ಲ?’

ಇಷ್ಟು ಹೇಳಿದ ಮೇಲೆ ಬರುವ ಪ್ರಶ್ನೆ ಇದು. ಮನೆಗೆ ವಾರ್ಡ್‌ರೋಬ್ ಮಾಡೋಕೆ ಬಂದ ಹುಡುಗ ಬರಿಗಾಲಲ್ಲಿ, ಮಾಸ್ಕ್ ಇಲ್ಲದೆ, ಒಂದೇ ಕೈಯಲ್ಲಿ ಟ್ರಿಮ್ಮರ್ ಆಡಿಸಿಲ್ವಾ? ಅವನಿಗೇನೂ ಆಗಲಿಲ್ಲವಲ್ಲ?

ಮೊದಲನೆಯದಾಗಿ, ಅವನ ಕೈಗೆ ದಿನಕ್ಕೆ ಎಂಟು–ಹತ್ತು ಗಂಟೆಯ ಅಭ್ಯಾಸವಿದೆ, ನಮಗೆ ವಾರಕ್ಕೆ ಒಂದೋ ಎರಡೋ ಗಂಟೆ. ಎರಡನೆಯದಾಗಿ, ಏನೂ ಆಗಿಲ್ಲ ಅಂತ ನಾವು ಅಂದುಕೊಂಡಿದ್ದೇವೆ. ಹಳೆಯ ಕಾರ್ಪೆಂಟರ್‌ಗಳ ಬೆರಳುಗಳನ್ನು ಹತ್ತಿರದಿಂದ ನೋಡಿ, ಅವರ ಕೆಮ್ಮನ್ನು ಕೇಳಿ. ಮೂರನೆಯದಾಗಿ, ಅವನು ಹಾಗೆ ಮಾಡೋದು ಅದು ಸರಿ ಅಂತಲ್ಲ. ಚದರ ಅಡಿ ಲೆಕ್ಕದಲ್ಲಿ ಕೂಲಿ ಸಿಗುವಾಗ ಕ್ಲ್ಯಾಂಪ್ ಹಾಕುವ ಐದು ನಿಮಿಷಕ್ಕೆ ಯಾರೂ ದುಡ್ಡು ಕೊಡಲ್ಲ.

1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್, ಅಪಾಯಕಾರಿ ಯಂತ್ರಭಾಗಗಳಿಗೆ ಗಟ್ಟಿಯಾದ ತಡೆ ಹಾಕಿಸುವ ಹೊಣೆಯನ್ನು ಕೆಲಸಗಾರನ ಎಚ್ಚರಿಕೆಗೆ ಬಿಡದೆ ಕಾನೂನಿನ ಕಟ್ಟಳೆ ಮಾಡಿತು. ಆದರೆ ಆ ಕಾಯ್ದೆಯಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳೋಕೆ ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಕೆಲಸಗಾರರು ಇರಬೇಕಿತ್ತು. ಮೂರು–ನಾಲ್ಕು ಜನ ಸೇರಿ ಫ್ಲ್ಯಾಟಿನಿಂದ ಫ್ಲ್ಯಾಟಿಗೆ ಅಲೆಯುವ ಇಂಟೀರಿಯರ್ ತಂಡಕ್ಕೆ ಆ ರಕ್ಷಣೆ ತಲುಪಲೇ ಇಲ್ಲ. ಹಾಗಾಗಿ ಅವರ ಅಸುರಕ್ಷಿತ ರೂಢಿಯನ್ನು ನಾವು ‘ಸ್ಕಿಲ್’ ಅಂತ ಕರೆದು, ಅದನ್ನೇ ಹವ್ಯಾಸದಲ್ಲಿ ನಕಲು ಮಾಡೋದು ಎರಡು ಪಟ್ಟು ತಪ್ಪು. ಮುಂದಿನ ಸಲ ಮನೆಯಲ್ಲಿ ಮರಗೆಲಸ ನಡೆಯುವಾಗ ನಾಲ್ಕು ಎನ್95 ಮಾಸ್ಕ್, ಒಂದು ಕನ್ನಡಕ ತಂದುಕೊಡಿ. ಹಾಕಿಕೊಳ್ಳೋಕೆ ಸಮಯವನ್ನೂ ಕೊಡಿ.

ಇನ್ನೊಂದು ಮಾತು ಭಾಷೆಯದು. ನಾನು ತೆರೆದು ನೋಡಿದ ಪವರ್ ಟೂಲ್ ಪೆಟ್ಟಿಗೆಗಳಲ್ಲಿ ಕನ್ನಡದ ಕೈಪಿಡಿ ಕಂಡಿದ್ದೇ ಇಲ್ಲ. ಇರುವ ಇಂಗ್ಲಿಷ್ ಕೈಪಿಡಿಯೂ ಸಾಸಿವೆ ಗಾತ್ರದ ಅಕ್ಷರದಲ್ಲಿರುತ್ತೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ ಪ್ರಕಾರ, ಹಾನಿ ತಪ್ಪಿಸೋಕೆ ಬೇಕಾದ ಸಾಕಷ್ಟು ಸೂಚನೆ, ಎಚ್ಚರಿಕೆ ಇಲ್ಲದ ಉತ್ಪನ್ನದಿಂದ ಆಗುವ ಹಾನಿಗೆ ತಯಾರಕರು ಹೊಣೆ. ಬಳಸುವವನಿಗೆ ಓದಲು ಬಾರದ ಭಾಷೆಯಲ್ಲಿರುವ ಎಚ್ಚರಿಕೆ ‘ಸಾಕಷ್ಟು’ ಹೇಗಾಗುತ್ತೆ? ಕನ್ನಡಿಗರಿಗೆ ಮಾರುವವರು ಕನ್ನಡದಲ್ಲಿ ಎಚ್ಚರಿಸಲಿ ಅನ್ನೋದು ಭಾಷಾಭಿಮಾನದ ಬೇಡಿಕೆ ಮಾತ್ರ ಅಲ್ಲ, ಬೆರಳಿನ ಬೇಡಿಕೆ.

ಕಲಿಯುವ ಜಾಗಗಳೂ ಇಲ್ಲದಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರಗೆಲಸದ ತರಬೇತಿ ಕೊಡುತ್ತೆ. ಅಲ್ಲಿಗೆ ಹೋಗಲಾಗದವರು ಊರಿನ ಒಬ್ಬ ಅನುಭವಿ ಬಡಗಿಯ ಪಕ್ಕ ನಿಂತು ಒಂದು ದಿನ ನೋಡಿದರೂ ಮರದ ನಾರು, ಗಂಟು, ಅದರ ಮುನಿಸು ಅರ್ಥ ಆಗುತ್ತೆ.

ಆದರೂ ಗಾಯವಾದರೆ

ಗರಗಸ ಕತ್ತರಿಸುತ್ತೆ, ರೂಟರ್ ತುರಿಯುತ್ತೆ. ಹಾಗಾಗಿ ಇದರ ಗಾಯ ಹೊಲಿಗೆಗೆ ಸುಲಭವಾಗಿ ಒಗ್ಗಲ್ಲ. ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆತ್ತಿ. ಕಾಫಿಪುಡಿ, ಅರಿಶಿನ, ಸುಣ್ಣ ಏನನ್ನೂ ತುಂಬಬೇಡಿ, ಡಾಕ್ಟರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತೆ. ಬೆರಳಿನ ತುಂಡು ಬೇರ್ಪಟ್ಟಿದ್ದರೆ ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಿ. ತುಂಡಿಗೆ ನೇರವಾಗಿ ಐಸ್ ತಾಗಬಾರದು. 108ಕ್ಕೆ ಕರೆ ಮಾಡಿ, ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ. ಇದೇ ಕಾರಣಕ್ಕೆ ಮನೆಯಲ್ಲಿ ಯಾರೂ ಇಲ್ಲದಾಗ ರೂಟರ್ ಹಿಡಿಯಬೇಡಿ.

ಸ್ವಿಚ್‌ಗೆ ಮುಂಚೆ ಐದು ಪ್ರಶ್ನೆ

ಇವನ್ನು ದಪ್ಪ ಅಕ್ಷರದಲ್ಲಿ ಬರೆದು ಕೆಲಸದ ಜಾಗದ ಗೋಡೆಗೆ ಅಂಟಿಸಿ:

1. ಬಿಟ್ ಮತ್ತು ಕಾಲೆಟ್ ಒಂದೇ ಅಳತೆಯದಾ? ನಟ್ ಬಿಗಿ ಇದೆಯಾ?
2. ಹಲಗೆಗೆ ಎರಡು ಕ್ಲ್ಯಾಂಪ್ ಇದೆಯಾ? ಕೈಯಿಂದ ಅಲುಗಿಸಿದರೆ ಅಲುಗುತ್ತಾ?
3. ಈ ಸಲದ ಆಳ 3 ಮಿ.ಮೀ. ಒಳಗಿದೆಯಾ?
4. ಬಾಣ ಬರೆದಿದ್ದೀನಾ? ಮರ ಎಡಗಡೆಗೆ ಇದೆಯಾ?
5. ಕನ್ನಡಕ, ಮಾಸ್ಕ್, ಕಿವಿರಕ್ಷೆ ಹಾಕಿದ್ದೀನಾ? ವೈರ್ ಎಲ್ಲಿದೆ?

ಐದಕ್ಕೂ ಉತ್ತರ ಸರಿ ಇದ್ದರೆ ಒಂದು ಬೇಡದ ಪೈನ್ ತುಂಡಿನ ಮೇಲೆ ಮೊದಲ ಸಲ ಓಡಿಸಿ ನೋಡಿ. ಅಂಚು ನುಣ್ಣಗೆ ಬಂದು, ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿದರೆ ಎಲ್ಲ ಸರಿಯಾಗಿದೆ ಅಂತರ್ಥ. ಆಮೇಲೆ ಕಪಾಟಿನ ಒಳ್ಳೆಯ ಹಲಗೆ ತೆಗೆದುಕೊಳ್ಳಿ. ಭಾನುವಾರ ಇನ್ನೂ ಉದ್ದ ಇದೆ, ಅವಸರ ಏನೂ ಇಲ್ಲ.